ಸೀಳಿದ ಕೂವೆಗೆ ದಬ್ಬೆ ಕಟ್ಟಿದ ಕಾಲ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಎದುರು, ಕಡಲ ಕಡೆಯ ರಸ್ತೆಯಲ್ಲಿ ನಿಂತವರ ಕಣ್ಣು ಮೊದಲು ಏರುವುದು ಕೋಟೆಯ ಧ್ವಜಸ್ತಂಭದ ಮೇಲಕ್ಕೆ. ಈಗ ಅಲ್ಲಿರುವುದು ಉಕ್ಕಿನ ಕಂಬ, 1994ರಲ್ಲಿ ನಿಲ್ಲಿಸಿದ್ದು. ಅದಕ್ಕೆ ಮೊದಲು ಬಹುಕಾಲ ಅಲ್ಲಿದ್ದುದು ತೇಗದ ಕಂಬ, ಸುಮಾರು 150 ಅಡಿ ಎತ್ತರದ್ದು. ಎಲಿಹು ಯೇಲ್ ಗವರ್ನರನಾಗಿದ್ದ ಕಾಲದಲ್ಲಿ, ಎಂದರೆ 17ನೆಯ ಶತಮಾನದ ಕೊನೆಯಲ್ಲಿ, ಒಡೆದುಹೋದ ಹಡಗೊಂದರ ಕೂವೆಯನ್ನೇ ದಡಕ್ಕೆ ತಂದು ಧ್ವಜಸ್ತಂಭವಾಗಿ ನೆಟ್ಟರೆಂಬುದು ಊರಿನಲ್ಲಿ ಪ್ರಚಲಿತವಾದ ಐತಿಹ್ಯ. ಪ್ರತಿವರ್ಷ ಅಕ್ಟೋಬರ್ 15ರ ಸುಮಾರಿಗೆ ಕೋಟೆಯ ಬಾವುಟವನ್ನು ಇಳಿಸಿ, ಡಿಸೆಂಬರ್ ನಡುವಿನಲ್ಲಿ ಮತ್ತೆ ಏರಿಸುವ ರೂಢಿಯಿತ್ತು. ಈಶಾನ್ಯ ಮಾರುತದ ಬಿರುಗಾಳಿಗಳ ಆ ಎರಡು ತಿಂಗಳಲ್ಲಿ ಮದರಾಸಿನ ಮುಂದೆ ಲಂಗರು ಹಾಕಬೇಡಿರೆಂದು ಹಡಗುಗಳಿಗೆ ಅದು ಎಚ್ಚರಿಕೆ.

ಕೂವೆ ಎಂಬ ಮಾತು ಇಂದು ನಮ್ಮ ಬಳಕೆಯಿಂದ ಬಹುಮಟ್ಟಿಗೆ ಜಾರಿಹೋಗಿದೆ. ಅಡುಗೆಮನೆಯ ಕೂವೆಹಿಟ್ಟು ನೆನಪಾದರೆ ತಪ್ಪಿಲ್ಲ, ಆದರೆ ಅದಕ್ಕೂ ಇದಕ್ಕೂ ನಂಟಿಲ್ಲ. ಹಡಗಿನ ಹಾಯಿಯನ್ನು ಹೊರುವ ಕಂಬಕ್ಕೆ ಕನ್ನಡದಲ್ಲಿ ಕೂವೆ ಎನ್ನುತ್ತಿದ್ದರು. ಹಾಯಿಕಂಬ, ಪಟಗಂಬ ಎಂಬ ಮಾತುಗಳೂ ಉಂಟು. ತಮಿಳರು ಪಾಯ್‌ಮರಂ ಎನ್ನುತ್ತಾರೆ. ಅವರ ಪಾಯ್ ನಮ್ಮಲ್ಲಿ ಹಾಯಿಯಾಗಿದೆ. ಕಡಲಿನ ಮಾತುಗಳಲ್ಲಿ ನಾವು ಅವರಿಗೆ ಅಷ್ಟೇನೂ ದೂರದವರಲ್ಲ. ಅವರ ಕಟ್ಟುಮರವಂತೂ ಕನ್ನಡಕ್ಕೆ ಅನುವಾದವನ್ನೇ ಬೇಡದ ಪದ.

ಈ ತೀರದ ಇತಿಹಾಸವನ್ನು ನಾವು ಓದಿರುವುದು ಗವರ್ನರುಗಳ, ನವಾಬರ, ದಳಪತಿಗಳ ಕಥೆಯಾಗಿ. ಶಾಲೆಯ ಪುಸ್ತಕದ ಎರಡನೆಯ ಮೈಸೂರು ಯುದ್ಧದ ಪಾಠದಲ್ಲಿ ಹೈದರಾಲಿಗೆ ಫ್ರೆಂಚರ ನೆರವು ದೊರೆಯಿತೆಂಬ ಒಂದು ವಾಕ್ಯವಿರುತ್ತಿತ್ತು. ಆ ನೆರವು ಯಾವ ರೂಪದಲ್ಲಿ ಬಂತು, ಎಷ್ಟು ದಿನ ತಡೆಯಿತು, ಯಾವುದರಿಂದ ಕುಂಟಿತು ಎಂದು ಹುಡುಕಹೊರಟರೆ ಕೊನೆಗೆ ಕೈಗೆ ಸಿಗುವುದು ಒಪ್ಪಂದದ ಕಾಗದವಲ್ಲ, ಸೀಳಿದ ಒಂದು ಮರ. 18ನೆಯ ಶತಮಾನದ ಚೋಳಮಂಡಲ ತೀರದಲ್ಲಿ ಯಾರ ಕೈ ಮೇಲಾಯಿತೆಂಬುದನ್ನು ಹಲವು ಸಲ ತೀರ್ಮಾನಿಸಿದ್ದು ಗುಂಡಿನ ಪೆಟ್ಟು ತಿಂದ ಕೂವೆಯನ್ನು ಯಾರು ಬೇಗ ಸರಿಪಡಿಸಿಕೊಂಡರು ಎಂಬುದು.

ಮೊದಲು ಕೂವೆಯ ವಿಚಾರ. 74 ತೋಪುಗಳ ಯುದ್ಧನೌಕೆಯೊಂದರ ನಡುಗಂಬದ ಕೆಳಭಾಗವೇ 100 ಅಡಿಗೂ ಮೀರಿದ ಉದ್ದ, ಸುಮಾರು 3 ಅಡಿ ದಪ್ಪ. ಅದರ ಮೇಲೆ ಮತ್ತೊಂದು ಕಂಬ, ಅದರ ಮೇಲೆ ಇನ್ನೊಂದು. ಅಷ್ಟು ದೊಡ್ಡ ಮರ ಒಂದೇ ತುಂಡಾಗಿ ಸಿಗುವುದು ಅಪರೂಪ. ಆದ್ದರಿಂದ ನಡುವೆ ಒಂದು ತಿರುಳುಮರವನ್ನಿಟ್ಟು, ಸುತ್ತ ಉದ್ದನೆಯ ಪಕ್ಕಮರಗಳನ್ನು ಕಚ್ಚುಹಾಕಿ ಕೂಡಿಸಿ, ಮೇಲೆ ಕಾಯಿಸಿದ ಕಬ್ಬಿಣದ ಪಟ್ಟಿಗಳನ್ನು ಹೊಡೆದು ಕೂರಿಸುತ್ತಿದ್ದರು. ನಮ್ಮ ಊರುಗಳಲ್ಲಿ ಕಮ್ಮಾರನು ಬಂಡಿಯ ಗಾಲಿಗೆ ಪಟ್ಟಿ ಏರಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಾದ ಕಬ್ಬಿಣ ಹಿಗ್ಗಿ ಕೂರುತ್ತದೆ, ಆರಿ ಕುಗ್ಗಿ ಬಿಗಿಯುತ್ತದೆ.

ಇಂಥ ಕಂಬವೂ ಸೀಳುತ್ತದೆ. ಬಿಸಿಲಿಗೆ ಒಣಗಿ ನಾರಿನ ಉದ್ದಕ್ಕೆ ಬಿರಿಯುತ್ತದೆ. ಬಿರುಗಾಳಿಯಲ್ಲಿ ಹಾಯಿಯ ಎಳೆತಕ್ಕೆ ಬಾಗಿ, ಹಡಗಿನ ಅಟ್ಟವನ್ನು ಹಾದು ಒಳಗಿಳಿಯುವ ಕಡೆಯಲ್ಲಿ ಒಡೆಯುತ್ತದೆ. ಯುದ್ಧದಲ್ಲಂತೂ ಗುಂಡು ಕಂಬದ ಹೊಟ್ಟೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಬಡಗಿಯು ಮೊದಲು ನೋಡುತ್ತಿದ್ದುದು ಒಡಕಿನ ದಿಕ್ಕನ್ನು. ನಾರಿನ ಉದ್ದಕ್ಕೆ ಸೀಳಿದ್ದರೆ ಕಂಬಕ್ಕೆ ಇನ್ನೂ ಆಯುಷ್ಯವುಂಟು. ನಾರು ಅಡ್ಡಡ್ಡ ಕಡಿದಿದ್ದರೆ ಅದನ್ನು ನಂಬುವಂತಿಲ್ಲ.

ಬದುಕುವ ಕಂಬಕ್ಕೆ ಮಾಡುತ್ತಿದ್ದ ಚಿಕಿತ್ಸೆ ನಾಟಿವೈದ್ಯನು ಮುರಿದ ಕಾಲಿಗೆ ದಬ್ಬೆ ಕಟ್ಟುವ ಕ್ರಮವನ್ನೇ ಹೋಲುತ್ತದೆ. ಮೊದಲು ಹಾಯಿ ಇಳಿಸಿ ಕಂಬದ ಮೇಲಿನ ಭಾರವನ್ನು ತಗ್ಗಿಸಬೇಕು. ಸೀಳಿನ ಸುತ್ತ ಹಗ್ಗ ಸುತ್ತಿ, ಹಗ್ಗದೊಳಕ್ಕೆ ಕೋಲು ತೂರಿಸಿ ತಿರುವಿ, ಬಾಯಿಬಿಟ್ಟ ಸೀಳು ಮುಚ್ಚುವ ತನಕ ಬಿಗಿಯಬೇಕು. ಆಮೇಲೆ ಕಂಬದ ದುಂಡಿಗೆ ಸರಿಯಾಗಿ ಒಳಮೈ ಕೆತ್ತಿದ ಉದ್ದನೆಯ ಗಟ್ಟಿ ಹಲಗೆಗಳನ್ನು, ಸೀಳಿನ ಮೇಲಕ್ಕೂ ಕೆಳಕ್ಕೂ ಸಾಕಷ್ಟು ಚಾಚಿಕೊಳ್ಳುವಂತೆ, ಸುತ್ತಲೂ ಒತ್ತಿ ನಿಲ್ಲಿಸಿ ಮೊಳೆ ಹೊಡೆಯಬೇಕು. ಅವುಗಳ ಮೇಲೆ ಮೊಳಕ್ಕೊಂದರಂತೆ ಹಗ್ಗದ ಕಟ್ಟು, ಕಟ್ಟಿನಡಿಗೆ ಮರದ ಬೆಣೆ. ನಾರಿನ ಹಗ್ಗಕ್ಕೆ ನೀರು ತಾಗಿದರೆ ಅದು ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ದೂರಯಾನದ ಹಡಗುಗಳು ಇಂಥ ದಬ್ಬೆಹಲಗೆಗಳನ್ನೂ ಬದಲಿ ಮೇಲ್ಗಂಬಗಳನ್ನೂ ಜೊತೆಯಲ್ಲೇ ಒಯ್ಯುತ್ತಿದ್ದವು. ಕಂಬ ಪೂರ್ತಿ ಬಿದ್ದುಹೋದರೆ ಉಳಿದ ಮೊಟಕಿಗೆ ಮೇಲ್ಗಂಬವೊಂದನ್ನು ಕಟ್ಟಿ, ಚಿಕ್ಕ ಹಾಯಿ ಏರಿಸಿ, ಕುಂಟುತ್ತ ಸಾಗಬೇಕು.

ಅಂಟು ಹಾಕಬಾರದಿತ್ತೇ ಎಂದು ಇಂದಿನವರು ಕೇಳಬಹುದು. ಆ ಕಾಲದ ಬಡಗಿಯ ಅಂಟೆಂದರೆ ಸರೇಸು. ತೊಗಲು ಮೂಳೆಗಳನ್ನು ಕುದಿಸಿ ತೆಗೆದದ್ದು. ವೀಣೆಗೆ, ಪೆಟ್ಟಿಗೆಗೆ, ಬಾಗಿಲಿಗೆ ಅದು ಸಾಕು. ಕಡಲಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕರಗಿ ಹರಿಯುತ್ತದೆ. ನೀರಿಗೆ ಅಂಜದ ಅಂಟುಗಳು ಬಂದದ್ದು 20ನೆಯ ಶತಮಾನದಲ್ಲಿ. ಮದರಾಸಿನ ಯಾಚ್ ಕ್ಲಬ್ಬು 1911ರಲ್ಲಿ ಹುಟ್ಟಿತು. ಅಂಥ ಕ್ಲಬ್ಬುಗಳ ಮರದ ದೋಣಿಗಳ ತೆಳುಕಂಬಗಳೆಲ್ಲ ಕ್ರಮೇಣ ಅಂಟಿನ ಕೆಲಸವಾದವು. ಅಲ್ಲಿ ವಿದ್ಯೆಯೇ ಬೇರೆ: ಹಳೆಯ ಅಂಟನ್ನು ಹೊಸ ಮರ ಕಾಣುವವರೆಗೆ ಕೆರೆಯಬೇಕು, ಸೀಳನ್ನು ಬೆಣೆಯಿಂದ ತುಸು ತೆರೆದು ಎಪಾಕ್ಸಿ ಆಳಕ್ಕೆ ಇಳಿಯುವಂತೆ ತುಂಬಬೇಕು, ಮುರಿದ ಕಡೆ ದಪ್ಪದ ಎಂಟರಿಂದ ಹನ್ನೆರಡು ಪಟ್ಟು ಉದ್ದದ ಓರೆಕಡಿತ ಕೊಟ್ಟು ಹೊಸ ಮರವನ್ನು ಬೆಸೆಯಬೇಕು, ಅಂಟು ಆರುವವರೆಗೆ ಕಂಬ ನೂಲಿನಷ್ಟೂ ಡೊಂಕಾಗದಂತೆ ಹಿಡಿಕೆಗಳಲ್ಲಿ ಕಚ್ಚಿಸಿಡಬೇಕು. ಒಳ್ಳೆಯ ಬೆಸುಗೆ ಸುತ್ತಲ ಮರಕ್ಕಿಂತ ಕಡಿಮೆಯದಲ್ಲ. 18ನೆಯ ಶತಮಾನದವರಿಗೆ ಈ ಭಾಗ್ಯವಿರಲಿಲ್ಲ. ಅವರ ಪಾಲಿಗೆ ಇದ್ದದ್ದು ಹಗ್ಗ, ಬೆಣೆ, ಕಬ್ಬಿಣ ಮತ್ತು ಮರ. ಈ ನಾಲ್ಕರಲ್ಲಿ ಮರವೇ ಸಿಗುವುದು ಕಷ್ಟ.

ಮದರಾಸಿನಲ್ಲಿ ಆಗ ಬಂದರೆಂಬುದೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹಡಗುಗಳು ದಡದಿಂದ ದೂರ ಬಯಲು ಕಡಲಿನಲ್ಲಿ ಲಂಗರು ಹಾಕಿ ಹೊರಳಾಡುತ್ತಿದ್ದವು. ಆಳೂ ಸರಕೂ ತೆರೆಗಳನ್ನು ದಾಟಿ ದಡ ಸೇರಬೇಕಾದರೆ ಮೊಳೆಯಿಲ್ಲದೆ ತೆಂಗಿನ ನಾರಿನಲ್ಲಿ ಹಲಗೆ ಹೊಲಿದ ಮಸೂಲಾ ದೋಣಿಗಳೇ ಗತಿ. ತೆರೆಯ ಪೆಟ್ಟಿಗೆ ಮೊಳೆಹೊಡೆದ ದೋಣಿ ಬಿರಿಯುತ್ತದೆ, ಹೊಲಿದ ದೋಣಿ ಬಳುಕುತ್ತದೆ. ಐರೋಪ್ಯ ಕಪ್ತಾನನು ತನ್ನ ಒಡೆದ ಕೂವೆಗೆ ಹಗ್ಗ ಸುತ್ತಿಸುತ್ತ ನಿಂತಾಗ, ಅವನ ಹಡಗಿನ ಪಕ್ಕದಲ್ಲಿ ತೇಲುತ್ತಿದ್ದ ಕಟ್ಟುಮರವು ಆದಿಯಿಂದಲೂ ಕಟ್ಟನ್ನೇ ನಂಬಿದ್ದ ವಸ್ತು.

1746ರ ಸೆಪ್ಟೆಂಬರಿನಲ್ಲಿ ಫ್ರೆಂಚರ ಲಾ ಬೂರ್ಡೊನೆ ಮದರಾಸನ್ನು ಹಿಡಿದನು. ಹಣ ಪಡೆದು ಊರನ್ನು ಇಂಗ್ಲಿಷರಿಗೆ ಮರಳಿಸುವುದು ಅವನ ಎಣಿಕೆ. ಪುದುಚೇರಿಯ ಡೂಪ್ಲೆಗೆ ಅದು ಒಪ್ಪಿಗೆಯಿಲ್ಲ. ಇಬ್ಬರ ಜಗಳ ಮುಗಿಯುವ ಮೊದಲೇ ಮಾರುತ ಬಂತು. ಅಕ್ಟೋಬರ್ 13ರ ರಾತ್ರಿ ಎದ್ದ ಬಿರುಗಾಳಿಗೆ ಮದರಾಸಿನ ಮುಂದಿದ್ದ ಹಡಗುಗಳಲ್ಲಿ ಕೆಲವು ಮುಳುಗಿದವು, ಉಳಿದವು ಕೂವೆ ಕಳೆದುಕೊಂಡು ಬೋಳಾದವು. ಸತ್ತವರು ಸಾವಿರಕ್ಕೂ ಹೆಚ್ಚು. ಲಾ ಬೂರ್ಡೊನೆ ಎದೆಗುಂದದೆ ಮೊಟಕುಗಳಿಗೆ ತಾತ್ಕಾಲಿಕ ಕಂಬಗಳನ್ನು ಕಟ್ಟಿಸಿ, ಆ ತಿಂಗಳು ಮುಗಿಯುವ ಮೊದಲೇ ಊರು ಬಿಟ್ಟನು. ಬಲವಿದ್ದಾಗ ವಾದಿಸಬಹುದಿತ್ತು, ಬೋಳು ಹಡಗುಗಳನ್ನಿಟ್ಟುಕೊಂಡು ವಾದಿಸಲಾಗದು. ಮದರಾಸು ಡೂಪ್ಲೆಯ ಕೈಯಲ್ಲಿ ಉಳಿಯಿತು. ಅದನ್ನು ಬಿಡಿಸಿಕೊಳ್ಳಲು ಬಂದ ಆರ್ಕಾಟಿನ ನವಾಬನ ಸೈನ್ಯ ಅಡ್ಯಾರು ನದಿಯ ದಡದಲ್ಲಿ ಚಿಕ್ಕದೊಂದು ಫ್ರೆಂಚ್ ತುಕಡಿಗೆ ಸೋತಿತು. ಐರೋಪ್ಯ ಕವಾಯತಿನ ಮುಂದೆ ದೇಶೀಯ ಸೈನ್ಯಗಳು ನಿಲ್ಲಲಾರವೆಂಬ ನಂಬಿಕೆ ಬಲಿತದ್ದು ಅಲ್ಲಿಂದ. ಅಡ್ಯಾರಿನ ಕಾಳಗವನ್ನು ಬರೆಯುವವರು ಆ ರಾತ್ರಿಯ ಗಾಳಿಗೂ ಮುರಿದ ಕೂವೆಗಳಿಗೂ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ.

ನಾವು ನಿಲ್ಲಬೇಕಾದದ್ದು 1782ರಲ್ಲಿ. ಆ ವೇಳೆಗೆ ಹೈದರಾಲಿಯ ಸೈನ್ಯ ಘಟ್ಟವಿಳಿದು ಎರಡು ವರ್ಷವಾಗುತ್ತ ಬಂದಿತ್ತು. ಮದರಾಸಿನ ಸುತ್ತಲ ಹಳ್ಳಿಗಳು ಉರಿದಿದ್ದವು, ಹೊಲಗಳು ಬೀಳುಬಿದ್ದಿದ್ದವು, ಊರೊಳಗೆ ಬರ. ಹೈದರನ ಪರಾಕ್ರಮವನ್ನು ಹೆಮ್ಮೆಯಿಂದ ಹೇಳುವ ನಾವು ಮದರಾಸಿನ ಕಡೆಯಿಂದ ಆ ವರ್ಷ ಹೇಗೆ ಕಂಡಿತೆಂಬುದನ್ನೂ ಮರೆಯಬಾರದು. ಆದರೆ ಕಡಲು ಇಂಗ್ಲಿಷರದೇ ಆಗಿತ್ತು, ಅಕ್ಕಿ ಕಡಲ ಮೇಲಿಂದ ಬರುತ್ತಿತ್ತು. ಇಂಗ್ಲಿಷರನ್ನು ನೆಲದ ಮೇಲೆ ಸೋಲಿಸಬಹುದು, ಕಡಲನ್ನು ಬತ್ತಿಸಲಾಗದು ಎಂಬ ಅರ್ಥದ ಮಾತು ಹೈದರನ ಹೆಸರಿನಲ್ಲಿ ಉಳಿದುಬಂದಿದೆ.

ಆ ಕಡಲಿಗೆ ಫೆಬ್ರವರಿಯಲ್ಲಿ ಫ್ರೆಂಚ್ ನೌಕಾಪತಿ ಸುಫ್ರೆನ್ ಬಂದನು. ಇಂಗ್ಲಿಷರ ನೌಕಾಪತಿ ಎಡ್ವರ್ಡ್ ಹ್ಯೂಸ್. ಆ ವರ್ಷ ಇವರಿಬ್ಬರ ನಡುವೆ ನಾಲ್ಕು ಕಾಳಗಗಳಾದವು: ಫೆಬ್ರವರಿ 17ರಂದು ಸದ್ರಾಸಿನ ಬಳಿ, ಏಪ್ರಿಲ್ 12ರಂದು ಸಿಂಹಳದ ಪೂರ್ವ ತೀರದಲ್ಲಿ, ಜುಲೈ 6ರಂದು ನಾಗಪಟ್ಟಣದೆದುರು, ಸೆಪ್ಟೆಂಬರ್ 3ರಂದು ತ್ರಿಕೋಣಮಲೆಯೆದುರು. ಯಾವುದರಲ್ಲೂ ಒಬ್ಬರು ಇನ್ನೊಬ್ಬರ ಒಂದು ಯುದ್ಧನೌಕೆಯನ್ನೂ ಸೆರೆಹಿಡಿಯಲಿಲ್ಲ. ಹಾಗಾಗಿ ಕಾಳಗದ ಫಲ ನಿರ್ಧಾರವಾಗುತ್ತಿದ್ದುದು ಕಾಳಗ ಮುಗಿದ ಮೇಲೆ, ಕೊಡಲಿ ಬಾಚಿಗಳ ಕೆಲಸದಲ್ಲಿ. ಏಪ್ರಿಲ್ ಕಾಳಗದಲ್ಲಿ ಇಂಗ್ಲಿಷರ ‘ಮಾನ್‌ಮತ್’ ನಡುಗಂಬವನ್ನೂ ಹಿಂಗಂಬವನ್ನೂ ಕಳೆದುಕೊಂಡಿತು. ಅದು ಮುಗಿದ ಮೇಲೆ ಎರಡು ಪಡೆಗಳೂ ಒಂದರ ಕಣ್ಣಳತೆಯಲ್ಲಿ ಇನ್ನೊಂದು ಲಂಗರು ಹಾಕಿ ಸುಮಾರು ಒಂದು ವಾರ ಕುಳಿತವು. ಒಬ್ಬರ ಸುತ್ತಿಗೆಯ ಕೆಲಸ ಇನ್ನೊಬ್ಬರ ದುರ್ಬೀನಿಗೆ ಕಾಣುತ್ತಿದ್ದಿರಬೇಕು. ಮತ್ತೆ ಹೊಡೆದಾಡಲು ಇಬ್ಬರಲ್ಲಿಯೂ ಕೂವೆ ಉಳಿದಿರಲಿಲ್ಲ.

ಹ್ಯೂಸನಿಗೆ ಮದರಾಸಿನಲ್ಲಿ ಕಂಪನಿಯ ಉಗ್ರಾಣವಿತ್ತು. ಹಡಗಿನ ತಳ ಕೆಟ್ಟರೆ ಮುಂಬಯಿಯ ಹಡಗುಕಟ್ಟೆಯಿತ್ತು. ಸುಫ್ರೆನನಿಗೆ ಇದಾವುದೂ ಇಲ್ಲ. ಪುದುಚೇರಿ 1778ರಲ್ಲೇ ಇಂಗ್ಲಿಷರ ವಶವಾಗಿತ್ತು. ಅವನ ತವರು ಬಂದರು ಸಾವಿರಾರು ಮೈಲಿ ದೂರದ ಮಾರಿಷಸ್ ದ್ವೀಪ. ಅಲ್ಲಿಗೆ ಹೋಗಿ ದುರಸ್ತಿ ಮಾಡಿಕೊಂಡು ಬಾ ಎಂಬುದೇ ಅವನ ಅಧಿಕಾರಿಗಳಲ್ಲಿ ಹಲವರ ಸಲಹೆ. ಹೋದರೆ ಹೈದರನು ಒಂಟಿಯಾಗುತ್ತಾನೆ. ಸುಫ್ರೆನ್ ಹೋಗಲಿಲ್ಲ.

ಜುಲೈ 5ರಂದು, ನಾಗಪಟ್ಟಣದ ಕಾಳಗಕ್ಕೆ ಒಂದು ದಿನ ಮುಂಚೆ, ಒಂದೇ ಒಂದು ಗಾಳಿಯ ಹೊಡೆತಕ್ಕೆ ಫ್ರೆಂಚರ ‘ಅಜಾಕ್ಸ್’ ತನ್ನ ಎರಡು ಮೇಲ್ಗಂಬಗಳನ್ನು ಕಳೆದುಕೊಂಡು ಮರುದಿನ ಕಾಳಗದಿಂದಲೇ ಹೊರಗುಳಿಯಿತು. ಹನ್ನೆರಡು ನೌಕೆಗಳಿದ್ದ ಕಡೆ ಹನ್ನೊಂದಾದವು. ಕಾಳಗದಲ್ಲಿ ‘ಬ್ರಿಲಿಯಂಟ್’ ನಡುಗಂಬ ಕಳೆದುಕೊಂಡಿತು, ಉಳಿದವೂ ಜರ್ಜರಿತವಾದವು. ಸುಫ್ರೆನ್ ಅವನ್ನೆಲ್ಲ ಕಡಲೂರಿಗೆ ತಂದನು. ಕಡಲೂರಿನಲ್ಲಿ ಬಂದರಿಲ್ಲ, ಕೂವೆಮರವಿಲ್ಲ. ಚಿಕ್ಕ ನೌಕೆಗಳ ಕಂಬಗಳನ್ನು ಕೀಳಿಸಿ ದೊಡ್ಡವಕ್ಕೆ ನೆಡಿಸಿದನು. ಸರಕು ಹಡಗುಗಳನ್ನು ಬರಿದುಮಾಡಿದನು. ಅದೂ ಸಾಲದೆ ಊರಿನ ಮನೆಗಳನ್ನು ಕೆಡವಿಸಿ ತೊಲೆಗಳನ್ನು ತರಿಸಿದನು. ಕಡಲೂರಿನ ಯಾವುದೋ ಮನೆಯ ಸೂರನ್ನು ಹೊತ್ತಿದ್ದ ತೊಲೆ ತೀಡಿಸಿಕೊಂಡು ಫ್ರೆಂಚ್ ಯುದ್ಧನೌಕೆಯ ಮೈ ಸೇರಿತು. ಕೆಡವಿದ ಮನೆಗಳವರು ಎಲ್ಲಿ ಮಲಗಿದರೋ ಇತಿಹಾಸ ಬರೆದವರು ಕೇಳಿಲ್ಲ.

ಈ ಗಡಿಬಿಡಿಯ ನಡುವೆಯೇ ಹೈದರನು ಸುಫ್ರೆನನನ್ನು ನೋಡಲು ದಂಡು ಸಮೇತ ಬಂದು ಕಡಲೂರಿನ ಸಮೀಪದ ಬಾಹೂರಿನ ಬಳಿ ಬೀಡುಬಿಟ್ಟನು. ಜುಲೈ 26ರಂದು ಇಬ್ಬರ ಭೇಟಿಯಾಯಿತು. ಉಡುಗೊರೆ, ಉಪಚಾರ, ಮೆಚ್ಚುಗೆಗಳ ವರ್ಣನೆ ಬೇಕಾದಷ್ಟು ದೊರೆಯುತ್ತದೆ. ನಮ್ಮ ಮನಸ್ಸು ನಿಲ್ಲುವುದು ಬೇರೊಂದು ಸಂಗತಿಯಲ್ಲಿ. ಆ ಡೇರೆಯೊಳಗೆ ಒಬ್ಬನಿಗೆ ಕೂವೆಮರ ಬೇಕಾಗಿತ್ತು, ಇನ್ನೊಬ್ಬನ ರಾಜ್ಯದ ಕಾಡಿನಲ್ಲಿ ಅದು ಬೆಳೆಯುತ್ತಿತ್ತು. ಇಂಗ್ಲಿಷರು ಪೂನ್ ಎಂದು ಕರೆದ ಪುನ್ನಾಗ ಕುಲದ ಮರ ಕನ್ನಡ ಜಿಲ್ಲೆಯ, ಕೊಡಗಿನ ಮಳೆಕಾಡುಗಳಲ್ಲಿ ನೆಟ್ಟಗೆ, ಕೆಳಕೊಂಬೆಗಳಿಲ್ಲದೆ ಬಹು ಎತ್ತರಕ್ಕೆ ಏರುತ್ತದೆ. ಭಾರತದ ಹಡಗುಗಳ ಕೂವೆಗೆ ಅದೇ ಹೆಸರುವಾಸಿ. ಬ್ರಿಟಿಷ್ ನೌಕಾಪಡೆ ತನ್ನ ದೊಡ್ಡ ಕೂವೆಗಳಿಗೆ ನೆಚ್ಚಿದ್ದ ಅಮೆರಿಕದ ಪೈನ್ ಮರದ ಪೂರೈಕೆ 1775ರ ದಂಗೆಯಿಂದ ನಿಂತುಹೋಗಿತ್ತು. ಆ ಕಾಲದಲ್ಲಿ ಇಂಥ ಕಾಡು ಇದ್ದವನು ಬಡವನಲ್ಲ. 1763ರಲ್ಲಿ ಬಿದನೂರನ್ನು ಗೆದ್ದಂದಿನಿಂದ ಹೈದರನು ಆ ಕರಾವಳಿಯಲ್ಲಿ ಹಡಗು ಕಟ್ಟಿಸುತ್ತಿದ್ದನು. ಆದರೆ 1780ರ ಡಿಸೆಂಬರಿನಲ್ಲಿ ಮಂಗಳೂರಿಗೆ ನುಗ್ಗಿ ಅವನ ಹಡಗುಗಳನ್ನು ನಾಶಮಾಡಿದವನು ಇದೇ ಹ್ಯೂಸ್. ಮರ ಪಶ್ಚಿಮದ ಕಾಡಿನಲ್ಲಿ, ಮುರಿದ ಹಡಗು ಪೂರ್ವದ ಕಡಲಿನಲ್ಲಿ. 100 ಅಡಿಯ ಮರವನ್ನು ಘಟ್ಟ ಹತ್ತಿಸಿ ಬಂಡಿಯಲ್ಲಿ ಕಡಲೂರಿಗೆ ತರುವಂತಿಲ್ಲ; ಕಡಲಿನಲ್ಲಿ ತೇಲಿಸಿ ತರಲು ಕಡಲು ತನ್ನದಾಗಿರಬೇಕು.

ಇಷ್ಟಾದರೂ ಸುಫ್ರೆನ್ ಆಗಸ್ಟ್ 1ರಂದು ಕಡಲೂರು ಬಿಟ್ಟನು. ನಾಲ್ಕು ವಾರವೂ ಆಗಿರಲಿಲ್ಲ. ಹ್ಯೂಸ್ ಜುಲೈ 20ರಂದು ಮದರಾಸು ಮುಟ್ಟಿದವನು ಆಗಸ್ಟ್ 20ರವರೆಗೆ ಅಲ್ಲಿಂದ ಕದಲಲಿಲ್ಲ. ಉಗ್ರಾಣವಿದ್ದವನಿಗೆ ಒಂದು ತಿಂಗಳು ಹಿಡಿಯಿತು, ಏನೂ ಇಲ್ಲದವನು ಅಷ್ಟರೊಳಗೆ ಮತ್ತೆ ಕಡಲಿನಲ್ಲಿದ್ದನು. ಆ ಅಂತರಕ್ಕೆ ಇಂಗ್ಲಿಷರು ತೆತ್ತ ಬೆಲೆ ತ್ರಿಕೋಣಮಲೆ: ಆಗಸ್ಟ್ ಕೊನೆಯಲ್ಲಿ ಸುಫ್ರೆನ್ ಅದನ್ನು ವಶಪಡಿಸಿಕೊಂಡ ಮೇಲೆ, ಸೆಪ್ಟೆಂಬರ್ 2ರಂದು ಹ್ಯೂಸ್ ಬಂದು ನೋಡಿದಾಗ ಕೋಟೆಯ ಮೇಲೆ ಫ್ರೆಂಚ್ ಬಾವುಟವಿತ್ತು. ಅಮೆರಿಕದ ನೌಕಾ ಇತಿಹಾಸಕಾರ ಮಹಾನ್ 1890ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ಚರ್ಚಿಸಿ ಸುಫ್ರೆನನ ಚುರುಕನ್ನು ಕೊಂಡಾಡುತ್ತಾನೆ. ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಅರ್ಧ ಪಾಲು, ಮಳೆ ಬಿಸಿಲೆನ್ನದೆ ದಬ್ಬೆ ಕೆತ್ತಿದ ಬಡಗಿಗಳಿಗೆ ಸಲ್ಲಬೇಕಾದದ್ದೆಂದು ನಮ್ಮ ಎಣಿಕೆ.

ಮರುದಿನದ ಕಾಳಗ ಫ್ರೆಂಚರಿಗೆ ಕೆಟ್ಟದಾಯಿತು. ಸುಫ್ರೆನನ ‘ಹೀರೋಸ್’ ನೌಕೆಯ ನಡುಗಂಬವೇ ಉರುಳಿತು. ಅದರೊಂದಿಗೆ ಬಾವುಟವೂ ಬಿತ್ತು. ಶರಣಾದನೆಂದು ಇಂಗ್ಲಿಷ್ ಹಡಗುಗಳಿಂದ ಜಯಘೋಷ ಎದ್ದಿತಂತೆ. ಇದ್ದಬದ್ದ ಬಿಳಿ ಬಾವುಟಗಳನ್ನೆಲ್ಲ ತಂದು ಹಡಗಿನ ಸುತ್ತ ಹಾಕಿರೆಂದು ಅವನು ಅಟ್ಟದ ಮೇಲೆ ಕೂಗಾಡಿದನಂತೆ. (ಬಿಳಿ ಅಂದಿನ ಫ್ರೆಂಚ್ ನೌಕಾಪಡೆಯ ಬಣ್ಣ, ಶರಣಾಗತಿಯದಲ್ಲ.) ಅವನ ಹೊಸ ಕೂವೆ ಬಂದದ್ದು ಇನ್ನೊಂದು ದುರಂತದಿಂದ. ನಾಲ್ಕು ದಿನಗಳ ಮೇಲೆ ‘ಓರಿಯಂಟ್’ ಎಂಬ 74 ತೋಪುಗಳ ನೌಕೆ ತ್ರಿಕೋಣಮಲೆಯನ್ನು ಪ್ರವೇಶಿಸುವಾಗ ಬಂಡೆಗೆ ಬಡಿದು ನಾಶವಾಯಿತು. ಹಡಗು ಹೋಯಿತು, ಕೂವೆಗಳು ಉಳಿದವು. ಕೂವೆಯಿಲ್ಲದೆ ನಿಂತಿದ್ದ ನೌಕೆಗಳಿಗೆ ಅವನ್ನೇ ನೆಟ್ಟರು.

ಆಮೇಲಿನದನ್ನು ಬೇಗ ಹೇಳಬಹುದು. ಅಕ್ಟೋಬರ್ 15ರಂದು, ಕೋಟೆಯ ಬಾವುಟ ಇಳಿಯುವ ವೇಳೆಗೇ, ಬಿರುಗಾಳಿ ಮದರಾಸಿಗೆ ಅಪ್ಪಳಿಸಿ ಬರದ ಊರಿಗೆ ಅಕ್ಕಿ ತಂದಿದ್ದ ಹಡಗುಗಳನ್ನು ದಡಕ್ಕೆ ಬಡಿಯಿತು. ಮುಂಬಯಿಗೆ ಹೊರಟ ಹ್ಯೂಸನ ಪಡೆಯೂ ಗಾಳಿಗೆ ಸಿಕ್ಕಿ, ಅವನ ಸ್ವಂತ ನೌಕೆ ‘ಸುಪರ್ಬ್’ ಕೂವೆಗಳನ್ನು ಕಳೆದುಕೊಂಡಿತು. ಸುಫ್ರೆನ್ ದುರಸ್ತಿಗೆಂದು ಸುಮಾತ್ರಾದ ಅಚೇಹ್‌ವರೆಗೆ ಹೋದನು. ಅವನು ಮರಳುವಷ್ಟರಲ್ಲಿ, ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ತೀರಿಕೊಂಡಿದ್ದನು.

ಟಿಪ್ಪು ಈ ಪಾಠವನ್ನು ಮರೆಯಲಿಲ್ಲ. 1796ರಲ್ಲಿ ಅವನು ಹೊರಡಿಸಿದ ನೌಕಾ ಆಜ್ಞೆ ಕರಾವಳಿಯಲ್ಲಿ ಹಡಗುಕಟ್ಟೆಗಳನ್ನೂ ಯುದ್ಧನೌಕೆಗಳನ್ನೂ ಎಣಿಸಿ ಬರೆದ ದೊಡ್ಡ ಯೋಜನೆ. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. ಕನ್ನಡ ಜಿಲ್ಲೆ ಕಂಪನಿಯ ಪಾಲಾಗಿ ಮದರಾಸಿನ ಆಡಳಿತಕ್ಕೆ ಸೇರಿತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೋ, ಯೌವನದಲ್ಲಿ ಹೈದರನ ವಿರುದ್ಧ ಹೋರಾಡಿದ್ದವನು. 1806ರಲ್ಲಿ ಕಂಪನಿಯು ಪಶ್ಚಿಮ ಕರಾವಳಿಯ ಕಾಡುಗಳಿಗೆ ವ್ಯಾಟ್ಸನ್ ಎಂಬ ಕಪ್ತಾನನನ್ನು ಸಂರಕ್ಷಕನನ್ನಾಗಿ ನೇಮಿಸಿ, ಹಡಗಿನ ಮರಕ್ಕಾಗಿ ತೇಗವನ್ನೆಲ್ಲ ತನ್ನದೆಂದು ಸಾರಿತು. ಜನರಿಂದ ದೂರು ಬಹಳವಾಗಿ, ಗವರ್ನರನಾಗಿದ್ದ ಮನ್ರೋನ ಕಾಲದಲ್ಲೇ ಆ ವ್ಯವಸ್ಥೆ ರದ್ದಾಯಿತು. ಅವನ ಕುದುರೆಯ ಮೇಲಿನ ಪ್ರತಿಮೆ ಕೋಟೆಗೆ ಅನತಿದೂರದಲ್ಲಿ ಇಂದಿಗೂ ಇದೆ; ರಿಕಾಪುಗಳಿಲ್ಲವೆಂದು ನೋಡಿದವರೆಲ್ಲ ಬೊಟ್ಟುಮಾಡುತ್ತಾರೆ.

ಹೈದರನಿಗೂ ಸುಫ್ರೆನನಿಗೂ ಕೂಡಿಬರದಿದ್ದ ಘಟ್ಟದ ಮರ ಮತ್ತು ಪೂರ್ವದ ಕಡಲು ಹೀಗೆ ಒಂದೇ ಸರ್ಕಾರದ ಕೈಗೆ ಬಂದವು. ಬಂದರಿಲ್ಲದ ಕೊರತೆ ಮಾತ್ರ ಹಾಗೆಯೇ ಉಳಿಯಿತು. ಮದರಾಸಿನ ಬಂದರಿನ ಕಟ್ಟಡ ಮೊದಲಾದದ್ದು 1875ರ ಸುಮಾರಿಗೆ. 1881ರ ಚಂಡಮಾರುತ ಕಟ್ಟಿದ್ದನ್ನು ಒಡೆದುಹಾಕಿತು. ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಶತಮಾನವೇ ಮುಗಿಯುತ್ತ ಬಂದಿತ್ತು. ಅಷ್ಟು ಹೊತ್ತಿಗೆ ಅಲೆತಡೆಯೊಳಗಿನ ನಿಶ್ಚಲ ನೀರಿಗೆ ಬರುತ್ತಿದ್ದವು ಹೊಗೆಹಡಗುಗಳು.